ಹೆಸರು ಹೇಳದವರ ರೇಡಿಯೊ

ನಮ್ಮ ನಾನಿಗೆ ಕುರಾನ್ ಬಿಟ್ಟರೆ ಬೇರೇನೂ ಓದಲು ಬರುತ್ತಿರಲಿಲ್ಲ. ಆದರೆ ರೇಡಿಯೊದ ಮುಳ್ಳನ್ನು ಎಲ್ಲಿ ತಂದು ನಿಲ್ಲಿಸಿದರೆ ದೆಹಲಿಯ ಉರ್ದು ಸರ್ವಿಸ್ ಹಿಡಿಯುತ್ತದೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಬೀದರಿನ ನಮ್ಮ ಹಳೆಯ ಮನೆಯಲ್ಲಿ ರಾತ್ರಿ ಊಟ ಮುಗಿಸಿ, ಪಾನ್‌ದಾನ್ ಹತ್ತಿರ ಎಳೆದುಕೊಂಡು, ರೇಡಿಯೊಕ್ಕೆ ಕಿವಿ ಹಚ್ಚಿ ಕೂರುತ್ತಿದ್ದಳು. ನಾವು ಹುಡುಗರು ಹಾಡಿಗಾಗಿ ಕಾದರೆ, ಅವಳು ಕಾಯುತ್ತಿದ್ದುದು ಹಾಡಿಗೆ ಮೊದಲು ಓದುವ ಹೆಸರುಗಳಿಗೆ. ಆ ಫರ್ಮಾಯಿಶಿ ಕಾರ್ಯಕ್ರಮಕ್ಕೆ ಪಾಕಿಸ್ತಾನದಿಂದಲೂ ಪತ್ರಗಳು ಬರುತ್ತಿದ್ದವು. ಲಾಹೋರಿನಿಂದ ಇಂಥವರು, ಮುಲ್ತಾನಿನಿಂದ ಇಂಥವರು ಎಂದು ಓದುತ್ತಾ ಹೋಗುವಾಗ ನಾವು ಗಲಾಟೆ ಮಾಡಿದರೆ ನಾನಿ ಗದರುತ್ತಿದ್ದಳು: “ಚುಪ್ ರಹೋ, ನಾಮಾಂ ಪಡ್‌ರೈಂ.”

ಅವಳ ತಂಗಿ ಮದುವೆಯಾಗಿ ಗಂಡನ ಮನೆಯವರ ಜೊತೆ ಕರಾಚಿಗೆ ಹೋದವಳು ತಿರುಗಿ ಬಂದಿರಲಿಲ್ಲ. 1965ರಲ್ಲಿ ಒಮ್ಮೆ, 1971ರಲ್ಲಿ ಇನ್ನೊಮ್ಮೆ ಟಪಾಲು ನಿಂತಿತ್ತಂತೆ. ಎರಡನೆಯ ಸಲ ನಿಂತ ಮೇಲೆ ವಿಳಾಸವೂ ಕೈತಪ್ಪಿತು. ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಒಂದು ರಾತ್ರಿ ಕರಾಚಿಯ ನಾಜಿಮಾಬಾದಿನಿಂದ ಎಂದು ಶುರುವಾದ ಪಟ್ಟಿಯಲ್ಲಿ ಆ ತಂಗಿಯ ಹೆಸರು ಬಂತು. ಅದು ಅವಳೇ ಎಂಬುದಕ್ಕೆ ಯಾವ ಪುರಾವೆಯೂ ಇರಲಿಲ್ಲ. ಕರಾಚಿಯಲ್ಲಿ ಆ ಹೆಸರಿನ ಹೆಂಗಸರು ಸಾವಿರ ಇದ್ದಾರು. ನಾನಿ ಮಾತ್ರ ಸೆರಗು ಒಡ್ಡಿ ದುವಾ ಮಾಡಿದಳು. ಮರುದಿನ ಓಣಿಗೆಲ್ಲ ಸಕ್ಕರೆ ಹಂಚಿದಳು. “ಜೀವಂತ ಇದ್ದಾಳೆ, ಹಾಡು ಕೇಳುವಷ್ಟು ಸುಖವಾಗಿದ್ದಾಳೆ” ಎಂದಳು.

ಗಡಿಯಲ್ಲಿ ರೇಡಿಯೊ ಏನು ಮಾಡುತ್ತದೆ ಎಂಬುದನ್ನು ನಾನು ಮೊದಲು ಕಲಿತದ್ದು ಅಲ್ಲಿ. ಮುಂದಿನ ಪಾಠ ಸಿಕ್ಕಿದ್ದು ಬಹಳ ದೂರದಲ್ಲಿ, ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಗಡಿಯಲ್ಲಿ, ನನಗೆ ಬಾರದ ಸ್ಪ್ಯಾನಿಷ್ ಭಾಷೆಯಲ್ಲಿ.

2018ರ ಡಿಸೆಂಬರಿನಲ್ಲಿ ಕೆಲವು ವಾರ ಅಕ್ಕನ ಮಗನ ಮನೆಯಲ್ಲಿದ್ದೆ. ಅವನಿರುವುದು ಸ್ಯಾನ್ ಡಿಯೇಗೊದಲ್ಲಿ. ಅವನ ಹೆಂಡತಿ ಕಲಬುರ್ಗಿಯ ಹುಡುಗಿ, ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ರೋಗಿಗಳಲ್ಲಿ ಅರ್ಧದಷ್ಟು ಜನ ಸ್ಪ್ಯಾನಿಷ್ ಆಡುವವರಾದ್ದರಿಂದ ಕೆಲಸದ ಒತ್ತಡಕ್ಕೆ ಆ ಭಾಷೆಯನ್ನು ಕಲಿತಿದ್ದಳು. ಒಂದು ಭಾನುವಾರ ಇಬ್ಬರೂ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಪೂರ್ವಕ್ಕೆ ಹೊರಟರು. ಬೆಟ್ಟ ಇಳಿದರೆ ಮರುಭೂಮಿ, ಮರುಭೂಮಿ ದಾಟಿದರೆ ಇಂಪೀರಿಯಲ್ ಕಣಿವೆ. ಕೊಲರಾಡೊ ನದಿಯ ನೀರನ್ನು ಕಾಲುವೆಯಲ್ಲಿ ತಂದು ಹಸಿರು ಮಾಡಿದ ನೆಲ. ನಮ್ಮಲ್ಲಿ ಬೇಸಿಗೆಗೆ ಹೆದರುವಂತೆ ಅಲ್ಲಿಯೂ ಹೆದರುತ್ತಾರೆ. ಆದ್ದರಿಂದ ಚಳಿಗಾಲವೇ ಸೊಪ್ಪುತರಕಾರಿ ಕೊಯ್ಲಿನ ಕಾಲ.

ಆ ಕಣಿವೆಯ ತುದಿಯಲ್ಲಿ ಒಂದು ಊರಿನ ಹೆಸರು ಕ್ಯಾಲೆಕ್ಸಿಕೊ. ಬೇಲಿಯ ಆಚೆಗಿನ ಊರು ಮೆಕ್ಸಿಕಾಲಿ. ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊ ಎಂಬ ಹೆಸರುಗಳನ್ನು ಕತ್ತರಿಸಿ, ಒಂದರ ತಲೆಗೆ ಇನ್ನೊಂದರ ಬಾಲ ಅಂಟಿಸಿ ಮಾಡಿದ ಜೋಡಿ ಹೆಸರುಗಳು. ಅವಳಿ ಮಕ್ಕಳಿಗೆ ಹಸನ್, ಹುಸೇನ್ ಎಂದು ಇಡುವ ಹಾಗೆ. ಆ ಅವಳಿಗಳ ನಡುವಿನ ಹಳೆಯ ಬೇಲಿಯನ್ನು ಕಿತ್ತು 30 ಅಡಿ ಎತ್ತರದ ಉಕ್ಕಿನ ಕಂಬಗಳನ್ನು ಅದೇ ವರ್ಷ ನೆಟ್ಟಿದ್ದರು. ಕಂಬಗಳ ಸಂದಿನಿಂದ ಆಚೆಯ ಬೀದಿ ಕಾಣುತ್ತಿತ್ತು. ಆಚೆಯ ಅಂಗಡಿಯ ಹಾಡೂ ಕೇಳುತ್ತಿತ್ತು.

ದಾರಿಯುದ್ದಕ್ಕೂ ಕಾರಿನ ರೇಡಿಯೊ ಒಂದರ ಮೇಲೊಂದು ಸ್ಪ್ಯಾನಿಷ್ ಕೇಂದ್ರಗಳನ್ನು ಹಿಡಿಯುತ್ತಿತ್ತು. ಕೆಲವು ಈಚೆಯವು, ಕೆಲವು ಆಚೆಯವು. ಕೇಳುವವರಿಗೆ ಆ ವ್ಯತ್ಯಾಸವೇ ಇಲ್ಲ. ಹಾಡು ಕಡಿಮೆ, ಮಾತು ಜಾಸ್ತಿ. ಆ ಮಾತಿನ ಪ್ರವಾಹದಲ್ಲಿ ನಾನು ತೇಲುತ್ತಿದ್ದಾಗ ನಡುನಡುವೆ ಪರಿಚಿತ ಮುಖಗಳು ಕಾಣತೊಡಗಿದವು. ಅಸುಕಾರ್ ಎಂದರೆ ಸಕ್ಕರೆ. ಓಹಾಲಾ ಎಂದರೆ ಅಲ್ಲಾಹ್ ಬಯಸಿದರೆ. ಚರ್ಚಿಗೆ ಹೋಗುವ ಜನ ದಿನಕ್ಕೆ ಹತ್ತು ಸಲ ಅಲ್ಲಾಹನ ಹೆಸರು ಹೇಳುತ್ತಾರೆ, ಅದು ಅವರಿಗೇ ಗೊತ್ತಿಲ್ಲ. 711ರಿಂದ 1492ರವರೆಗೆ ಸ್ಪೇನಿನಲ್ಲಿ ಮುಸ್ಲಿಮರ ಆಳ್ವಿಕೆ ಇತ್ತಷ್ಟೆ. ಆ ಅರಬ್ಬೀ ಪದಗಳು ಹಡಗು ಹತ್ತಿ ಅಮೆರಿಕಕ್ಕೆ ಬಂದು, ಈಗ ರೈತ ಕೂಲಿಗಳ ಬಾಯಲ್ಲಿವೆ.

ಗಡಿಯ ಸುಂಕದ ಕಟ್ಟೆಗೆ ಅವರು ಅದುವಾನಾ ಅನ್ನುತ್ತಾರೆ. ಅದರ ಮೂಲ ಅರಬ್ಬಿಯ ದೀವಾನ್. ನಮ್ಮ ದಿವಾನರ, ದಿವಾನಖಾನೆಯ ಅದೇ ಪದ. ಅಧಿಕಾರದ ಪದಗಳು ಎಲ್ಲ ಗಡಿಗಳನ್ನೂ ಸಲೀಸಾಗಿ ದಾಟುತ್ತವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪದ: ಫುಲಾನೊ. ಹೆಸರು ಬೇಡವಾದವನಿಗೆ, ಹೆಸರು ಹೇಳಲಾಗದವನಿಗೆ ಬಳಸುವ ಪದ. ನಮ್ಮ ಉರ್ದುವಿನ ಫಲಾನಾ. ಫಲಾನಾ ಬಂದಿದ್ದ, ಫಲಾನಾ ಹೇಳಿದ ಅನ್ನುತ್ತೇವಲ್ಲ, ಅದೇ.

ಸುದ್ದಿಯ ನಡುವೆ ಅರ್ಧ ಗಂಟೆಗೊಮ್ಮೆ ಒಂದು ಪಟ್ಟಿ ಓದುತ್ತಿದ್ದರು. ಯಾವ ಗರೀತಾದಲ್ಲಿ, ಅಂದರೆ ಯಾವ ಗಡಿಬಾಗಿಲಲ್ಲಿ, ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕ. ನಮ್ಮಲ್ಲಿ ಪೇಟೆ ಧಾರಣೆ ಓದುತ್ತಿದ್ದ ಹಾಗೆ. ಕಾರಿನವರಿಗೆ ಇಷ್ಟು, ನಡೆದು ಬರುವವರಿಗೆ ಇಷ್ಟು. ಆಚೆ ಮನೆ, ಈಚೆ ಕೆಲಸ ಇರುವವರು, ಆಚೆ ತಾಯಿ, ಈಚೆ ಶಾಲೆ ಇರುವ ಮಕ್ಕಳು, ಈ ಲೆಕ್ಕ ಕೇಳಿ ಚಪ್ಪಲಿ ಮೆಟ್ಟುತ್ತಾರೆ. ಮೆಕ್ಸಿಕಾಲಿಯ ಕೂಲಿಯವರು ಬೆಳಗಿನ ಜಾವ ಎರಡು ಮೂರು ಗಂಟೆಗೇ ಎದ್ದು ಸಾಲಿನಲ್ಲಿ ನಿಂತು, ಈಚೆ ಬಂದು, ಲೆಟಿಸ್ ಸೊಪ್ಪು ಕೊಯ್ದು, ಸಂಜೆ ಮರಳುತ್ತಾರೆ. ನಾನು ಹೋಗುವ ಕೆಲವೇ ದಿನಗಳ ಹಿಂದೆ, ನವೆಂಬರ್ 25ರಂದು, ಮಧ್ಯ ಅಮೆರಿಕದಿಂದ ನಡೆದು ಬಂದಿದ್ದ ವಲಸಿಗರ ಮೇಲೆ ತಿಹುವಾನಾ ಬಳಿ ಅಶ್ರುವಾಯು ಸಿಡಿಸಿ, ಸ್ಯಾನ್ ಇಸಿದ್ರೊ ಗಡಿಬಾಗಿಲನ್ನು ಕೆಲವು ಗಂಟೆ ಪೂರಾ ಮುಚ್ಚಿದ್ದರು. ಅಂಥ ದಿನ ಈ ಪಟ್ಟಿಯೇ ದೊಡ್ಡ ಸುದ್ದಿ.

ಆಮೇಲೆ ಕೇಳುಗರು ಫೋನು ಮಾಡುವ ಕಾರ್ಯಕ್ರಮ ಶುರುವಾಯಿತು. ಒಬ್ಬ ಹೆಂಗಸಿನ ದನಿ. ತಗ್ಗಿದ ದನಿ. ಮಗುವಿಗೆ ಮೂರು ದಿನದಿಂದ ಜ್ವರವಂತೆ. ಆಸ್ಪತ್ರೆಗೆ ಹೋದರೆ ಕಾಗದ ಕೇಳುತ್ತಾರಾ, ಪೊಲೀಸರಿಗೆ ತಿಳಿಸುತ್ತಾರಾ ಎಂದು ಕೇಳುತ್ತಿದ್ದಳು. ಕಾರ್ಯಕ್ರಮ ನಡೆಸುವವನು ಅವಳ ಹೆಸರು ಕೇಳಲಿಲ್ಲ. “ಸೆನ್ಯೋರಾ” ಅಂದ, ಅಂದರೆ ಅಮ್ಮಾ. ಎಲ್ಲಿಂದ ಎಂದೂ ಕೇಳಲಿಲ್ಲ. ಪಕ್ಕದಲ್ಲಿದ್ದ ವಕೀಲೆ ನಿಧಾನವಾಗಿ, ಒಂದೇ ಮಾತನ್ನು ಎರಡೆರಡು ಸಲ ಹೇಳಿದಳು.

“ಸರಿಯಾಗಿ ಹೇಳಿದ್ರು ಮಾಮು” ಎಂದಳು ನಮ್ಮ ಹುಡುಗಿ. ತುರ್ತು ವಿಭಾಗಕ್ಕೆ ಬಂದವರನ್ನು ಕಾಗದ ಇರಲಿ ಬಿಡಲಿ ಪರೀಕ್ಷಿಸಿ ಅಪಾಯ ತಪ್ಪಿಸಬೇಕು ಎಂಬ ಕಾನೂನು ಅಲ್ಲಿ 1986ರಿಂದ ಇದೆಯಂತೆ. “ಕಾನೂನು ಇದೆ. ಆದ್ರೆ ಗೇಟಿನ ತನಕ ಬಂದು ಹೆಸರು ಬರೆಸೋಕೆ ಹೆದರಿ ವಾಪಸ್ ಹೋಗೋರನ್ನ ನಾನೇ ನೋಡೀನಿ. ಇದನ್ನ ರೇಡಿಯೊದಾಗೆ ಕೇಳಿದ್ರೆ ಧೈರ್ಯ ಬರ್ತದೆ.”

ನಾನು ಸುಮ್ಮನಾದೆ. ನಮ್ಮ ನಾನಿ ರೇಡಿಯೊದಲ್ಲಿ ಒಂದು ಹೆಸರು ಕೇಳಲು ಇಪ್ಪತ್ತು ವರ್ಷ ಕಾದಿದ್ದಳು. ಇಲ್ಲಿ ರೇಡಿಯೊ ಜನರಿಗೆ ಕೊಡುತ್ತಿದ್ದ ದೊಡ್ಡ ಮರ್ಯಾದೆ ಎಂದರೆ ಅವರ ಹೆಸರು ಕೇಳದಿರುವುದು. ಕಾಗದವಿಲ್ಲದ ಮನುಷ್ಯನಿಗೆ ಮುಖ ತೋರಿಸುವ ಹಾಗಿಲ್ಲ, ಬೆರಳು ಒತ್ತುವ ಹಾಗಿಲ್ಲ. ಉಳಿದಿರುವುದು ದನಿ ಒಂದೇ. ಅದಕ್ಕೆ ವೀಸಾ ಇಲ್ಲ.

ಆ ಕಣಿವೆಯನ್ನು ನೋಡಬೇಕೆಂದು ನಾನೇ ಹಟ ಹಿಡಿದಿದ್ದೆ. ಕಾರಣ, ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿಗೆ ದುಡಿಯಲು ಹೋದ ಪಂಜಾಬಿಗಳ ಕಥೆ. ಹೆಚ್ಚಿನವರು ಸಿಖ್ಖರು, ಕೆಲವರು ಮುಸ್ಲಿಮರು, ಇನ್ನು ಕೆಲವರು ಹಿಂದೂಗಳು. ಅಲ್ಲಿನವರು ಮಾತ್ರ ಎಲ್ಲರನ್ನೂ ಒಟ್ಟಾಗಿ ‘ಹಿಂದೂ’ ಎಂದೇ ಕರೆದರು. ಊರಿನಿಂದ ಹೆಂಡತಿಯನ್ನು ಕರೆಸಿಕೊಳ್ಳಲು 1917ರ ವಲಸೆ ಕಾನೂನು ಬಿಡಲಿಲ್ಲ. ಬಿಳಿಯ ಹೆಂಗಸನ್ನು ಮದುವೆಯಾಗಲು ಕ್ಯಾಲಿಫೋರ್ನಿಯಾದ ಕಾನೂನು ಬಿಡಲಿಲ್ಲ. ಅವರು ಪಕ್ಕದ ಹೊಲದಲ್ಲಿ ದುಡಿಯುತ್ತಿದ್ದ ಮೆಕ್ಸಿಕನ್ ಹೆಂಗಸರನ್ನು ಮದುವೆಯಾದರು. ಕಚೇರಿಯ ಗುಮಾಸ್ತರು ಇಬ್ಬರ ಮೈಬಣ್ಣ ಒಂದೇ ಎಂದು ಅಂದಾಜಿಸಿ ಪರವಾನಗಿ ಬರೆದುಕೊಟ್ಟರು. ಕ್ಯಾರೆನ್ ಲಿಯೊನಾರ್ಡ್ ಎಂಬ ವಿದ್ವಾಂಸೆ 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಮುನ್ನೂರಕ್ಕೂ ಹೆಚ್ಚು ಜೋಡಿಗಳನ್ನು ಗುರುತಿಸಿದ್ದಾರೆ. ಮಕ್ಕಳು ತಾಯಿಯ ಜೊತೆ ಚರ್ಚಿಗೆ ಹೋಗುತ್ತಾ ಸ್ಪ್ಯಾನಿಷ್ ಆಡುತ್ತಾ ಬೆಳೆದರು. ಆ ಮಕ್ಕಳಿಗೆ ಚರ್ಚಿನ ಧರ್ಮಪಿತನಾಗಿ ನಿಂತವನು ಸಿಖ್ಖನೋ ಮುಸ್ಲಿಮನೋ ಆಗಿರುತ್ತಿದ್ದ. ಒಂದು ಕಾನೂನು ಮುಚ್ಚಿದ ಬಾಗಿಲ ಪಕ್ಕದಲ್ಲೇ ಜನ ಕಿಟಕಿ ಕೊರೆದುಕೊಂಡಿದ್ದರು.

ಊರಿಗೆ ಬಂದ ಮೇಲೆ ಆ ಗಡಿಯ ರೇಡಿಯೊ ಬಗ್ಗೆ ಓದುತ್ತಾ ಹೋದೆ. ಹೆಚ್ಚು ಕಾಡಿದ್ದು ಪೆದ್ರೊ ಗೊನ್ಸಾಲೆಸ್ ಎಂಬಾತನ ಬದುಕು. ಮೆಕ್ಸಿಕೊ ಕ್ರಾಂತಿಯಲ್ಲಿ ಪಾಂಚೊ ವಿಯಾನ ಪಡೆಗೆ ತಂತಿ ಕಳಿಸುತ್ತಿದ್ದವನು. ಆಮೇಲೆ ಗಡಿ ದಾಟಿ ಲಾಸ್ ಏಂಜಲೀಸಿಗೆ ಬಂದ. ಹಾಡುವ ಗೀಳು. 1920ರ ದಶಕದ ಕೊನೆಗೆ ಅಲ್ಲಿನ ರೇಡಿಯೊದಲ್ಲಿ ಅವನಿಗೆ ಸಿಕ್ಕಿದ್ದು ಯಾವ ಜಾಹೀರಾತುದಾರನಿಗೂ ಬೇಡವಾದ ಹೊತ್ತು, ಬೆಳಗಿನ ನಾಲ್ಕರಿಂದ ಆರು. ಆದರೆ ಕೂಲಿಯವರು ಎದ್ದು ಬುತ್ತಿ ಕಟ್ಟಿಕೊಳ್ಳುವುದು ಅದೇ ಹೊತ್ತಿನಲ್ಲಿ! ತನ್ನ ತಂಡಕ್ಕೆ ಅವನು ಇಟ್ಟ ಹೆಸರು ‘ಲೋಸ್ ಮಾದ್ರುಗಾದೋರೆಸ್’, ಜಾವಕ್ಕೆ ಏಳುವವರು. ರಮಜಾನಿನಲ್ಲಿ ಸಹರಿಗೆ ಎಬ್ಬಿಸಲು ದಫ್ ಬಾರಿಸುತ್ತಾ ಓಣಿಯಲ್ಲಿ ಬರುವ ಫಕೀರರು ನೆನಪಾದರು. ಹಾಡಿನ ನಡುವೆ ಗೊನ್ಸಾಲೆಸ್ ಇಂಥ ಕಡೆ ಆಳು ಬೇಕಂತೆ ಎಂದು ಹೇಳುತ್ತಿದ್ದ. ಬೆಳಕು ಹರಿಯುವಷ್ಟರಲ್ಲಿ ಅಲ್ಲಿ ನೂರಾರು ಜನ ಸೇರುತ್ತಿದ್ದರು.

ಆಗ ಆರ್ಥಿಕ ಕುಸಿತದ ಕಾಲ. ಬಿಳಿಯರಿಗೇ ಕೆಲಸವಿಲ್ಲ, ಇವರನ್ನು ಕಳಿಸಿಬಿಡಿ ಎಂಬ ಕೂಗೆದ್ದು, ಮೆಕ್ಸಿಕನ್ ಮೂಲದ ಲಕ್ಷಾಂತರ ಜನರನ್ನು ರೈಲಿಗೆ ತುಂಬಿ ಗಡಿಯಾಚೆ ಬಿಟ್ಟರು. ಅವರಲ್ಲಿ ಬಹಳ ಜನ ಅಮೆರಿಕದಲ್ಲೇ ಹುಟ್ಟಿದ ಪೌರರು. ಗೊನ್ಸಾಲೆಸ್ ಅದರ ವಿರುದ್ಧ ಮೈಕಿನಲ್ಲಿ ಮಾತಾಡಿದ. ಒಂದು ಕೂಗಿಗೆ ನೂರಾರು ಜನ ಸೇರಿಸಬಲ್ಲವನು ಸರ್ಕಾರದವರ ಕಣ್ಣಿಗೆ ಬೀಳದಿರುತ್ತಾನೆಯೇ? 1934ರಲ್ಲಿ ಅತ್ಯಾಚಾರದ ಆರೋಪ ಹೊರಿಸಿ ಹಿಡಿದರು. 50 ವರ್ಷ ಶಿಕ್ಷೆಯಾಯಿತು. ದೂರು ಕೊಟ್ಟ ಹುಡುಗಿ ತನ್ನ ಮಾತನ್ನು ಹಿಂತೆಗೆದುಕೊಂಡರೂ ಬಿಡಲಿಲ್ಲ. ಹೆಂಡತಿ ಮರಿಯಾ ಜನರನ್ನು ಕಟ್ಟಿಕೊಂಡು ಹೋರಾಡಿದಳು. 1940ರಲ್ಲಿ ಸಾನ್ ಕ್ವೆಂಟಿನ್ ಜೈಲಿನಿಂದ ಬಿಟ್ಟು ನೇರ ಗಡಿಯಾಚೆ ಅಟ್ಟಿದರು. ಅವನು ತಿಹುವಾನಾದಲ್ಲಿ ಗಡಿಯ ಅಂಚಿಗೆ ಕೂತು ಮತ್ತೆ ರೇಡಿಯೊ ಹಿಡಿದ. ಮನುಷ್ಯನನ್ನು ಆಚೆ ಹಾಕಿದರು, ದನಿ ಈಚೆಗೇ ಬರುತ್ತಿತ್ತು. ನೂರರ ಅಂಚಿನವರೆಗೆ ಬದುಕಿ 1995ರಲ್ಲಿ ತೀರಿಕೊಂಡ. ಆ ಗಡೀಪಾರುಗಳಿಗಾಗಿ ಕ್ಯಾಲಿಫೋರ್ನಿಯಾ ಕ್ಷಮೆ ಕೇಳುವ ಕಾನೂನು ಮಾಡಿದ್ದು 2005ರಲ್ಲಿ. ಕೇಳಿಸಿಕೊಳ್ಳಬೇಕಾದವರು ಬಹುತೇಕ ಮಣ್ಣಾಗಿದ್ದರು.

ಇದೇ ಗಡಿಯನ್ನು ಇನ್ನೊಬ್ಬ ಬೇರೆ ರೀತಿ ಬಳಸಿದ್ದ. ಕಾನ್ಸಾಸಿನ ಡಾಕ್ಟರ್ ಬ್ರಿಂಕ್ಲಿ, ಗಂಡಸರಿಗೆ ಹೋತದ ಗ್ರಂಥಿ ಕಸಿ ಮಾಡಿ ಯೌವನ ಮರಳಿಸುತ್ತೇನೆಂದು ದುಡ್ಡು ಬಾಚುತ್ತಿದ್ದ ನಕಲಿ ವೈದ್ಯ. ಅಮೆರಿಕದಲ್ಲಿ ರೇಡಿಯೊ ಪರವಾನಗಿ ಹೋದ ಮೇಲೆ 1931ರಲ್ಲಿ ಮೆಕ್ಸಿಕೊದ ವಿಯಾ ಅಕುನ್ಯಾದಲ್ಲಿ ದೈತ್ಯ ಕೇಂದ್ರ ಕಟ್ಟಿ, ಅಮೆರಿಕದ ಮೂಲೆಮೂಲೆಗೂ ಕೇಳಿಸುವಂತೆ ಇಂಗ್ಲಿಷಿನಲ್ಲಿ ಕೂಗಿದ. ಗಡಿ ದಾಟಿ ಹೋದ ಈ ಬಿಳಿಯ ವಂಚಕ ಸಾಹಸಿ ಅನ್ನಿಸಿಕೊಂಡ. ಗಡಿ ದಾಟಿ ಬಂದ ಕೂಲಿ ಅಪರಾಧಿ ಅನ್ನಿಸಿಕೊಂಡ. ದನಿ ಒಂದೇ ಗಾಳಿಯಲ್ಲಿ ಹೋದರೂ ಕೇಳುವ ಕಿವಿ ಒಂದೇ ಅಲ್ಲ.

ಕೂಲಿಯವರೇ ನಡೆಸುವ ರೇಡಿಯೊ ಬರಲು ಇನ್ನೂ ಐವತ್ತು ವರ್ಷ ಬೇಕಾಯಿತು. ಹ್ಯೂಗೊ ಮೊರಾಲೆಸ್ ಮೆಕ್ಸಿಕೊದ ವಾಹಾಕಾ ಪ್ರಾಂತದ ಮಿಸ್ತೆಕ್ ಬುಡಕಟ್ಟಿನವರು. ಚಿಕ್ಕಂದಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ತೋಟಗಳಲ್ಲಿ ಹಣ್ಣು ಕಿತ್ತವರು. ಹಾರ್ವರ್ಡಿನಲ್ಲಿ ಕಾನೂನು ಓದಿದ ಮೇಲೆ ದೊಡ್ಡ ಊರಿನ ವಕೀಲಿಕೆ ಬಿಟ್ಟು ಫ್ರೆಸ್ನೊಗೆ ಬಂದು, ಗೆಳೆಯರ ಜೊತೆ ‘ರೇಡಿಯೊ ಬಿಲಿಂಗ್ವೆ’ ಕಟ್ಟಿದರು. ಅದು ಬಾನಿಗೇರಿದ್ದು 1980ರ ಜುಲೈ 4ರಂದು. ಕ್ಯಾಲೆಕ್ಸಿಕೊದಲ್ಲೂ ಅದರ ಒಂದು ಕೇಂದ್ರವಿದೆ. 1995ರಲ್ಲಿ ಅವರು ಶುರು ಮಾಡಿದ ಮಾತಿನ ಕಾರ್ಯಕ್ರಮದ ಹೆಸರು ‘ಲೀನೆಯಾ ಅಬಿಯೆರ್ತಾ’, ಅಂದರೆ ತೆರೆದ ತಂತಿ. ಹೊಲದಲ್ಲಿ ಹೊಡೆಯುವ ಔಷಧದಿಂದ ಹಿಡಿದು ವಲಸೆ ಕಾನೂನಿನವರೆಗೆ ಯಾರು ಬೇಕಾದರೂ ಫೋನು ಮಾಡಿ ಕೇಳಬಹುದು.

ಇವರ ಇನ್ನೊಂದು ಕೆಲಸ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ವಾಹಾಕಾದಿಂದ ಬಂದ ಕೂಲಿಗಳಲ್ಲಿ ಎಷ್ಟೋ ಜನರ ತಾಯ್ನುಡಿ ಸ್ಪ್ಯಾನಿಷ್ ಅಲ್ಲ, ಮಿಸ್ತೆಕ್. ಅವರಿಗೆ ಸ್ಪ್ಯಾನಿಷ್ ಕೂಡ ಯಜಮಾನರ ಭಾಷೆಯೇ. ಮೆಕ್ಸಿಕೊದಲ್ಲಿ ಸ್ಪ್ಯಾನಿಷಿನವರ ಕೈಲಿ, ಅಮೆರಿಕದಲ್ಲಿ ಇಂಗ್ಲಿಷಿನವರ ಕೈಲಿ ಎರಡೆರಡು ಸಲ ಹೀಯಾಳಿಸಿಕೊಂಡ ಜನ. ಅವರಿಗಾಗಿ ಭಾನುವಾರ ‘ಲಾ ಓರಾ ಮಿಸ್ತೆಕಾ’ ಎಂಬ ಕಾರ್ಯಕ್ರಮ ಹುಟ್ಟಿತು. ಅದು ವಾಹಾಕಾದ ಹಳ್ಳಿಗಳಿಗೂ ತಲುಪುವಂತಾಯಿತು. ಈಚೆಯ ಮಗ ಆಚೆಯ ತಾಯಿಗೆ ಸಲಾಮು ಹೇಳುತ್ತಾನೆ, ಆಚೆಯವರು ಈಚೆಯವರಿಗೆ ಹಾಡು ಅರ್ಪಿಸುತ್ತಾರೆ. ಇದನ್ನು ಓದುವಾಗ ನನಗೆ ಪಾನ್‌ದಾನಿನ ಅಡಿಕೆಯ ವಾಸನೆ ಬಂತು. ಉರ್ದು ಶಾಲೆಯಲ್ಲಿ ಮೇಷ್ಟರು ನಮ್ಮ ದಖನಿಯನ್ನು ಬಾಜಾರಿನ ಉರ್ದು ಎಂದು ತಿದ್ದುತ್ತಿದ್ದುದೂ, ಕನ್ನಡ ಶಾಲೆಗೆ ಹೋದಾಗ ನನ್ನ ಕನ್ನಡಕ್ಕೆ ಹುಡುಗರು ನಕ್ಕಿದ್ದೂ ನೆನಪಾದವು. ನಾನಿಯ “ನಾಮಾಂ” ಅನ್ನುವ ಬಹುವಚನ ಯಾವ ಉರ್ದು ವ್ಯಾಕರಣದಲ್ಲೂ ಇಲ್ಲ.

ಈ ರೇಡಿಯೊಗಳ ಬಲ ಹೊರಗಿನವರಿಗೆ ಕಂಡದ್ದು 2006ರಲ್ಲಿ. ಕಾಗದವಿಲ್ಲದೆ ಇರುವುದನ್ನೇ ಘೋರ ಅಪರಾಧ ಮಾಡುವ ಮಸೂದೆಗೆ ಅಮೆರಿಕದ ಕೆಳಮನೆ ಒಪ್ಪಿಗೆ ಕೊಟ್ಟಿತ್ತು. ಬೆಳಗಿನ ಹೊತ್ತು ನಗೆಚಾಟಿಕೆ ಮಾಡಿಕೊಂಡಿದ್ದ ಸ್ಪ್ಯಾನಿಷ್ ರೇಡಿಯೊ ಮಾತುಗಾರರು, ಪರಸ್ಪರ ಪೈಪೋಟಿ ಬಿಟ್ಟು, ಬಿಳಿ ಬಟ್ಟೆ ತೊಟ್ಟು ಶಾಂತವಾಗಿ ಬನ್ನಿ ಎಂದು ಕರೆದರು. ಮಾರ್ಚ್ 25ರಂದು ಲಾಸ್ ಏಂಜಲೀಸಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ. ಕರೆದವರಲ್ಲಿ ಮುಖ್ಯನಾದ ಎಡ್ಡಿ ಸೊತೆಲೊ ತಾನೇ ಹುಡುಗನಾಗಿದ್ದಾಗ ಕಾರಿನ ಡಿಕ್ಕಿಯಲ್ಲಿ ಅಡಗಿ ಗಡಿ ದಾಟಿದವನು. ಆ ಮಸೂದೆ ಕಾನೂನಾಗಲಿಲ್ಲ.

ಹಾಗೆಂದು ರೇಡಿಯೊವನ್ನು ಔಲಿಯಾ ಮಾಡಬೇಕಾಗಿಲ್ಲ. ಇದೇ ಕೇಂದ್ರಗಳಲ್ಲಿ ಹೆಂಗಸರನ್ನು ಹೀಗಳೆಯುವ ಹಾಸ್ಯವೂ ಬರುತ್ತದೆ, ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತೂ ಬರುತ್ತದೆ. 1994ರಲ್ಲಿ ರುವಾಂಡಾದಲ್ಲಿ ಜನರ ಹೆಸರು ಓದಿ ಕೊಲ್ಲಿಸಿದ್ದೂ ರೇಡಿಯೊವೇ. ಹೆಸರು ಓದುವುದರಲ್ಲಿ ಪ್ರೀತಿ ಇರಬಹುದು, ಕತ್ತಿಯೂ ಇರಬಹುದು. ಯಾವುದೆಂದು ತೀರ್ಮಾನಿಸುವುದು ಓದುವವನ ನಿಯತ್ತು.

ಈಗ ಅಲ್ಲಿಯ ಗಾಳಿ ಮತ್ತೆ ಬಿಗಿಯಾಗಿದೆ. ವಲಸೆ ಅಧಿಕಾರಿಗಳ ಗಾಡಿಗಳು ಎಲ್ಲಿ ತಿರುಗುತ್ತಿವೆ ಎಂದು ಹೇಳಿದ್ದಕ್ಕೆ 2025ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಇಂಗ್ಲಿಷ್ ಕೇಂದ್ರದ ಮೇಲೆಯೇ ಸಂಪರ್ಕ ಆಯೋಗ ವಿಚಾರಣೆ ಹೂಡಿತು. ಅದೇ ವರ್ಷದ ಜುಲೈಯಲ್ಲಿ ಸಾರ್ವಜನಿಕ ಪ್ರಸಾರಕ್ಕೆಂದು ಎತ್ತಿಟ್ಟಿದ್ದ 110 ಕೋಟಿ ಡಾಲರನ್ನು ಅಲ್ಲಿಯ ಸಂಸತ್ತು ಹಿಂದಕ್ಕೆ ತೆಗೆದುಕೊಂಡಿತು. ಬಡವರ ಕೇಂದ್ರಗಳಿಗೆ ಅದು ದೊಡ್ಡ ಪೆಟ್ಟು. ಫೋನಿನಲ್ಲಿ ಮಾತಾಡಿದಾಗ ನಮ್ಮ ಹುಡುಗಿ ಹೇಳಿದಳು: “ಗೇಟಿನ ತನಕಾನೂ ಬರೋರು ಕಮ್ಮಿ ಆಗ್ಯಾರ ಮಾಮು.”

ಇದೆಲ್ಲ ದೂರದ ಕಥೆ ಎಂದು ಬದಿಗಿಡಲು ನನಗೆ ಆಗುವುದಿಲ್ಲ. 2020ರ ಜನವರಿಯಲ್ಲಿ, ಪೌರತ್ವದ ಕಾಗದಗಳ ಭಯ ನಮ್ಮ ಓಣಿಗಳಲ್ಲೂ ಓಡಾಡುತ್ತಿದ್ದಾಗ, ಅಮ್ಮ ಹಳೆಯ ಪೆಟ್ಟಿಗೆ ಬಿಚ್ಚಿ ಚಾದರದ ಮೇಲೆ ಕಾಗದ ಹರವಿ ಕೂತಳು. ರೇಷನ್ ಕಾರ್ಡಿನಲ್ಲಿ ನಾನಿಯ ಹೆಸರು ಒಂದು ಬಗೆ, ಮತದಾರರ ಪಟ್ಟಿಯಲ್ಲಿ ಇನ್ನೊಂದು ಬಗೆ, ಹೊಲದ ಪಹಣಿಯಲ್ಲಿ ಮತ್ತೊಂದು ಬಗೆ. ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟುವಾಗ ಹೆಸರು ಗಡಿಗಡಿಯಲ್ಲೂ ಒಂದೊಂದು ಅಕ್ಷರ ಸುಂಕ ಕಟ್ಟಿತ್ತು. ಕೂತಲ್ಲೇ ಕೂತು ನಿಜಾಮನ ರಾಜ್ಯವನ್ನೂ, ಹೈದರಾಬಾದ್ ರಾಜ್ಯವನ್ನೂ, 1956ರ ಮೇಲೆ ಕನ್ನಡದ ರಾಜ್ಯವನ್ನೂ ಕಂಡವಳು ನಾನಿ. ಅವಳು ಯಾವ ಗಡಿಯನ್ನೂ ದಾಟಲಿಲ್ಲ, ಗಡಿಗಳೇ ಅವಳ ಮೇಲೆ ಹಾದುಹೋದವು. 1848ರಲ್ಲಿ ಸೋತ ಮೆಕ್ಸಿಕೊ ತನ್ನ ನೆಲದ ಅರ್ಧಕ್ಕಿಂತ ಹೆಚ್ಚನ್ನು ಅಮೆರಿಕಕ್ಕೆ ಬರೆದುಕೊಟ್ಟಾಗ ಅಲ್ಲಿದ್ದವರಿಗೂ ಆದದ್ದು ಇದೇ.

“ಇವರು ಮೂರು ಜನಾನೋ, ಒಬ್ಬರೇನೋ?” ಎಂದು ಅಮ್ಮ ಕಾಗದ ಹಿಡಿದು ಕೇಳಿದಳು. ನಗಬೇಕೆಂದು ಕೇಳಿದ್ದು. ಯಾರಿಗೂ ನಗು ಬರಲಿಲ್ಲ.

ನಾನಿಯ ರೇಡಿಯೊ ಈಗಲೂ ಮನೆಯಲ್ಲಿದೆ. ಮುಳ್ಳು ಅವಳು ನಿಲ್ಲಿಸಿದ ಜಾಗದಲ್ಲೇ ಇದೆ, ಸೆಲ್ ಹಾಕಿದರೆ ಗೊರಗೊರ ಅನ್ನುತ್ತದೆ ಅಷ್ಟೆ. ಇಷ್ಟೆಲ್ಲ ಬರೆದರೂ ಅವಳ ಹೆಸರನ್ನಾಗಲಿ, ಅವಳ ತಂಗಿಯ ಹೆಸರನ್ನಾಗಲಿ ನಾನು ಬರೆಯಲಿಲ್ಲ. ಬರೆದರೆ ನಾಲ್ಕನೆಯ ಕಾಗುಣಿತ ಹುಟ್ಟುತ್ತದೆ. ಅದು ಬೇಡ. ಆ ಹೆಸರನ್ನು ಒಂದು ರಾತ್ರಿ ಗಡಿಯಾಚೆಯಿಂದ ಬಂದ ಪತ್ರ ನೋಡಿ ದೆಹಲಿಯ ಒಬ್ಬರು ಸರಿಯಾಗಿ, ಸ್ಪಷ್ಟವಾಗಿ ಓದಿದ್ದರು. ನಮ್ಮ ಮನೆಯವರೆಲ್ಲ ಕೇಳಿದ್ದೇವೆ. ಅಷ್ಟು ಸಾಕು.